ವಿಜಯಳ ಅಪ್ಪನಿಗೆ ಒಂದು ಪತ್ರ

ಸರ್ಕಾರಿ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಕಲಿಸುತ್ತ ಕೊಪ್ಪ, ಶೃಂಗೇರಿಗಳನ್ನು ಮುಗಿಸಿ ನಾನು ನರಸಿಂಹರಾಜಪುರಕ್ಕೆ ಬಂದಾಗ ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆ ಎಂಬ ಪದ್ಧತಿ ಶುರುವಾದ ಹೊಸತು. ಮೊದಲನೆಯದರಲ್ಲಿ ಫೇಲಾದವರನ್ನು ಎರಡನೆಯದಕ್ಕೆ ತಯಾರು ಮಾಡಿ ಎಂದು ಆದೇಶ ಬಂತು. ಬೇಸಿಗೆ ರಜೆ ಹೋಯಿತು. ಮಂಡಿಗೆ ಎಣ್ಣೆ ಹಚ್ಚಿಕೊಂಡು ಮಲಗುವ ನನ್ನ ಯೋಜನೆಯೂ ಅದರ ಹಿಂದೆಯೇ ಹೋಯಿತು.

ದಣಿದಿದ್ದೆ, ಸುಳ್ಳೇಕೆ ಹೇಳಲಿ. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ಫೇಲಾದವರನ್ನು ದಡ ಮುಟ್ಟಿಸುವುದು ಬರವಣಿಗೆಯ ಭಾಗ. ಪತ್ರ, ಪ್ರಬಂಧ, ಚಿತ್ರ ನೋಡಿ ವರ್ಣನೆ, ಪ್ರೊಫೈಲ್. ಪ್ರೊಫೈಲ್ ಎಂದರೆ ಕೊಟ್ಟ ವಿವರಗಳನ್ನು ಜೋಡಿಸಿ ಒಬ್ಬರನ್ನು ಪರಿಚಯಿಸುವುದು. ಎಲ್ಲದಕ್ಕೂ ಒಂದೊಂದು ನಮೂನೆ ಬೋರ್ಡಿನ ಮೇಲೆ ಬರೆದು ಬಾಯಿಪಾಠ ಮಾಡಿಸುತ್ತಿದ್ದೆ. ಮೌಲ್ಯಮಾಪನಕ್ಕೆ ಹೋದಾಗ ಇಂಥವನ್ನೇ ರಾಶಿಗಟ್ಟಲೆ ತಿದ್ದಿದ್ದೇನೆ. ‘ಡಿಯರ್ ಫಾದರ್, ಐ ಆಮ್ ಫೈನ್ ಹಿಯರ್’ ಎಂದು ಓದಿದ ಕೂಡಲೇ ಉಳಿದದ್ದನ್ನು ನೋಡದೆಯೂ ಹೇಳಬಲ್ಲೆ.

ಆ ತರಗತಿಯ ಕೊನೆಯ ಬೆಂಚಿಗೆ ಒಂದು ದಿನ ಜಲಜಾ ಬಂದು ಕುಳಿತಳು. ಸುತ್ತ ಹದಿನಾರರ ಮಕ್ಕಳು. ಅವಳಿಗೆ ಮೂವತ್ತನಾಲ್ಕು ದಾಟಿತ್ತು. ಸೀತೂರಿನವಳು. ತೋಟದ ಕೆಲಸಕ್ಕೆ ಹೋಗುವ ಹೆಂಗಸರ ಚಿಕ್ಕ ಮಕ್ಕಳನ್ನು ಒಂದು ಶೆಡ್ಡಿನಲ್ಲಿ ನೋಡಿಕೊಳ್ಳುತ್ತಿದ್ದಳು. ಅವಳೂರಿನ ಅಂಗನವಾಡಿಯಲ್ಲಿ ಸಹಾಯಕಿಯ ಜಾಗ ಖಾಲಿಯಾಗಲಿತ್ತು. ಅದಕ್ಕೆ ಹತ್ತನೇ ತರಗತಿ ಪಾಸಾಗಿರಬೇಕು, ಮೂವತ್ತೈದು ದಾಟಿರಬಾರದು. ಉಳಿದ ವಿಷಯಗಳೆಲ್ಲ ಪಾಸಾಗಿ, ಹಿಂದೆ ಹಲವು ಸಲ ಕಟ್ಟಿದರೂ ಇಂಗ್ಲಿಷ್ ಒಂದು ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಈ ಸಲ ತಪ್ಪಿದರೆ ಆ ಕೆಲಸ ಅವಳ ಪಾಲಿಗೆ ಮುಗಿದ ಹಾಗೆ.

ಬುದ್ಧಿಗೇನೂ ಕೊರತೆಯಿರಲಿಲ್ಲ. ಚಿತ್ರ ನೋಡಿ ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಚೆನ್ನಾಗಿಯೇ ಬರೆದಳು. ಪತ್ರ ಬಂದಾಗ ಮಾತ್ರ ಪೆನ್ನು ಕೆಳಗಿಟ್ಟಳು. ನಾನು ಕೊಟ್ಟದ್ದು ಜ್ವರದ ರಜಾ ಅರ್ಜಿ.

“ನಂಗೆ ಜ್ವರ ಇಲ್ಲ ಮೇಡಂ,” ಎಂದಳು.

“ಯಾರಿಗೂ ಇಲ್ಲ ಮಾರಾಯ್ತಿ. ಸುಮ್ಮನೆ ಬರಿ.”

“ಇಲ್ಲದ್ದು ಬರ್ದ್ರೆ ಬಂದೇ ಬಿಡ್ತದೆ ಅಂತ ನಮ್ಮಜ್ಜಿ ಹೇಳ್ತಿತ್ತು. ಬಾಯಲ್ಲಿ ಆಡಿದ್ದು ಗಾಳಿಗೆ ಹೋಗ್ತದೆ, ಬರ್ದಿದ್ದು ಎಲ್ಲಿಗೆ ಹೋಗ್ತದೆ?”

ಮಕ್ಕಳು ನಕ್ಕರು. ನಾನು ದೂರಿನ ಪತ್ರಕ್ಕೆ ಹಾರಿದೆ: ಬೀದಿಯಲ್ಲಿ ಪದೇ ಪದೇ ಕರೆಂಟು ಹೋಗುತ್ತಿದೆ, ವಿದ್ಯುತ್ ಕಚೇರಿಗೆ ಬರೆಯಿರಿ. ಅವಳು ಬರೆದು ತಂದದ್ದನ್ನು ಓದಿ ತಲೆ ಹಿಡಿದುಕೊಂಡೆ. ಕರೆಂಟು ಹೋಗುತ್ತದೆ ನಿಜ, ಆದರೆ ನಮ್ಮ ಲೈನ್‌ಮನ್ ಒಳ್ಳೆಯವರು, ಗಾಳಿಮಳೆಯಲ್ಲೂ ಕಂಬ ಹತ್ತುತ್ತಾರೆ, ದಯವಿಟ್ಟು ಅವರನ್ನು ಬೈಯಬೇಡಿ ಎಂದಿತ್ತು. ಕೆಳಗೆ ‘ಜಲಜಾ, ಸೀತೂರು’ ಎಂದು ಸಹಿ.

ನಿಜವಾದ ಅಪಾಯ ಇದ್ದದ್ದು ಆ ಸಹಿಯಲ್ಲಿ. ‘ನೀನು ಮೈಸೂರಿನ ವಿಜಯ ಎಂದು ಊಹಿಸಿಕೋ’ ಎಂದು ಪ್ರಶ್ನೆಯಲ್ಲೇ ಇರುತ್ತದೆ. ಉತ್ತರಪತ್ರಿಕೆಯಲ್ಲಿ ವಿದ್ಯಾರ್ಥಿಯ ಗುರುತು ಸಿಗುವ ಹಾಗೆ ಸ್ವಂತ ಹೆಸರು, ಊರು ಬರೆಯುವಂತಿಲ್ಲ. ಬರೆದರೆ ಐದು ಅಂಕದ ಪತ್ರದ ಜೊತೆ ಇಡೀ ಪತ್ರಿಕೆಗೇ ಸಂಚಕಾರ. ಇಷ್ಟು ವರ್ಷ ಅವಳು ಪತ್ರದ ಜಾಗವನ್ನು ಖಾಲಿ ಬಿಟ್ಟೇ ಬಂದಿದ್ದಳಂತೆ. ಈ ಸಲ ಬಿಟ್ಟರೆ ಪಾಸಾಗುವಷ್ಟು ಅಂಕ ಬೇರೆಲ್ಲೂ ಹುಟ್ಟುವುದಿಲ್ಲ ಎಂದು ಲೆಕ್ಕ ಹಾಕಿ ತೋರಿಸಿದೆ.

“ಹೆಸರು ಬದಲಿಸಿ ಬರೆಯೂದು ಮೋಸ ಅಲ್ವಾ ಮೇಡಂ?” ಎಂದಳು.

ಮೋಸ ಅಲ್ಲ ಎಂದೆ. ನಿಯಮ ಎಂದೆ. ಬೈದೆ ಕೂಡ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ಪರೀಕ್ಷೆಗೆ ಒಂದು ವಾರ ಇದ್ದಾಗ ಅಭ್ಯಾಸ ಪರೀಕ್ಷೆ ಇಟ್ಟೆ. ಮತ್ತೆ ಜಲಜಾ, ಸೀತೂರು. ಮಾರನೆಯ ದಿನ ಅವಳು ತರಗತಿಗೇ ಬರಲಿಲ್ಲ. ಬಿಟ್ಟುಬಿಡೋಣ ಅನ್ನಿಸಿತು. ಮೂವತ್ತಕ್ಕೂ ಹೆಚ್ಚು ವರ್ಷ ಗಂಟಲು ಹರಿದುಕೊಂಡವಳಿಗೆ ಒಬ್ಬಳು ಫೇಲಾದರೆ ಆಕಾಶ ಕಳಚಿ ಬೀಳುವುದಿಲ್ಲ. ಆದರೂ ಭಾನುವಾರ ಸೀತೂರಿನ ಬಸ್ಸು ಹತ್ತಿದೆ.

ಗೊಬ್ಬರ ಹಾಕುವ ಕೆಲಸವಿದ್ದುದರಿಂದ ತೋಟಕ್ಕೆ ಅಂದೂ ರಜೆ ಇರಲಿಲ್ಲ. ಶೆಡ್ಡಿನ ಹತ್ತಿರ ಹೋಗುವಾಗಲೇ ಗಲಾಟೆ ಕೇಳಿಸಿತು. ನಾಲ್ಕೈದು ಪುಟ್ಟ ಮಕ್ಕಳು ಆನೆಗಳಾಗಿ ಕೈಯನ್ನು ಸೊಂಡಿಲು ಮಾಡಿಕೊಂಡು ನುಗ್ಗುತ್ತಿದ್ದವು. ಜಲಜಾ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ನಿಂತು, ಕೈಯನ್ನು ಬಾಯಿಗೆ ಅಡ್ಡ ಹಿಡಿದು, ಗಡುಸು ದನಿಯಲ್ಲಿ ಕೂಗುತ್ತಿದ್ದಳು: “ಸಾರ್ವಜನಿಕರ ಗಮನಕ್ಕೆ! ನಾನು ಫಾರೆಸ್ಟ್ ಗಾರ್ಡ್ ಮಂಜಪ್ಪ! ಆನೆ ಬಂದಿದೆ, ಯಾರೂ ಮನೆಯಿಂದ ಹೊರಗೆ ಬರಬೇಡಿ!”

ನನ್ನನ್ನು ನೋಡಿ ನಾಚಿ ಕೆಳಗಿಳಿದಳು. ನಾನು ಕೇಳಿದೆ, “ಜಲಜಾ, ನೀನು ಮಂಜಪ್ಪನೇನೆ?”

“ಅಯ್ಯೋ, ಮಕ್ಕಳ ಜೊತೆ ಆಟ ಅಲ್ವಾ ಮೇಡಂ.”

“ಆನೆ ಬಂತು ಅಂದ್ಯಲ್ಲ. ಬಂತಾ? ಈ ಮಕ್ಕಳಿಗೆ ಮೋಸ ಮಾಡಿದ್ಯಾ?”

“ಅವಕ್ಕೂ ಗೊತ್ತುಂಟು ಮೇಡಂ, ಆಟ ಅಂತ.”

“ಪೇಪರ್ ತಿದ್ದೋರಿಗೂ ಗೊತ್ತುಂಟು ಮಾರಾಯ್ತಿ. ಮೈಸೂರಿನಲ್ಲಿ ವಿಜಯ ಇಲ್ಲ, ಅವಳಿಗೆ ಜ್ವರವೂ ಇಲ್ಲ. ಪ್ರಶ್ನೆ ಕೇಳಿದವರೇ ಬಕೆಟ್ಟು ಬೋರಲು ಹಾಕಿಕೊಟ್ಟಿದ್ದಾರೆ. ನೀನು ಹತ್ತಿ ನಿಲ್ಲೂದು ಮಾತ್ರ.”

ಅವಳು ಬೋರಲು ಬಿದ್ದಿದ್ದ ಬಕೆಟ್ಟನ್ನೊಮ್ಮೆ ನೋಡಿದಳು. ಆಮೇಲೆ ಜೋರಾಗಿ ನಕ್ಕಳು. ಅಲ್ಲೇ, ಮಕ್ಕಳಿಗೆ ಗಂಜಿ ಆರುವಷ್ಟರಲ್ಲಿ, ವಿಜಯಳಾಗಿ ಮೊದಲ ರಜಾ ಅರ್ಜಿ ಬರೆದಳು. ತಪ್ಪುಗಳು ಬೇಕಾದಷ್ಟಿದ್ದವು. ಅವನ್ನು ತಿದ್ದುವುದು ನನಗೆ ಗೊತ್ತಿದ್ದ ಕೆಲಸ.

ಜೂನಿನಲ್ಲಿ ಪರೀಕ್ಷೆ ಆಯಿತು. ಫಲಿತಾಂಶ ಬಂದ ಸಂಜೆ ಜಲಜಾ ನನ್ನ ಮನೆಗೆ ಬಂದಳು. ಬಾಗಿಲಲ್ಲೇ “ಪಾಸು ಮೇಡಂ” ಎಂದಳು. ನನಗೆ ಅಳು ಬಂತು; ಅದನ್ನು ಮುಚ್ಚಿಡಲು ಕಾಫಿಗೆ ನೀರಿಡುವ ನೆಪದಲ್ಲಿ ಅಡುಗೆಮನೆಗೆ ಹೋದೆ. ಒಳಗಿನಿಂದಲೇ ಕೇಳಿದೆ, “ಯಾವ ಪತ್ರ ಬಂದಿತ್ತೇ?”

“ಎರಡರಲ್ಲಿ ಒಂದು ಬರೀಬೇಕಿತ್ತು. ಒಂದು ದೂರು. ಇನ್ನೊಂದು, ವಿಜಯ ಹಾಸ್ಟೆಲ್ಲಿಂದ ಅಪ್ಪಂಗೆ ಬರೆಯೂದು.” ಅಡುಗೆಮನೆಯ ಬಾಗಿಲಿಗೆ ಬಂದು ನಿಂತು ಹೇಳಿದಳು, “ಅಪ್ಪಂಗೇ ಬರ್ದೆ. ನಾನು ಆರನೇ ಕ್ಲಾಸಲ್ಲಿದ್ದಾಗ ನಮ್ಮಪ್ಪ ತೀರಿಕೊಂಡ್ರು ಮೇಡಂ. ‘ಹುಷಾರಾಗಿದ್ದೀರಾ’ ಅಂತ ಬರೆಯುವಾಗ ಕೈ ನಿಂತೇಹೋಯ್ತು. ಆಮೇಲೆ, ವಿಜಯಳಿಗೆ ಅಪ್ಪ ಇದ್ದಾರಲ್ಲ, ಅವಳು ಕೇಳ್ಲಿ ಅಂತ ಬರ್ದೆ. ಎರಡು ಸಾಲು ಹೆಚ್ಚೇ ಬರ್ದೆ.”

ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೋದಳು. ಈಗ ಅಂಗನವಾಡಿಯಲ್ಲಿದ್ದಾಳೆ.

ಉಳಿದ ಒಂದು ವರ್ಷ ನಾನು ನಮೂನೆ ಬರೆಸುವುದನ್ನು ಬಿಡಲಿಲ್ಲ. ಬಿಟ್ಟರೆ ಮಕ್ಕಳು ಫೇಲಾಗುತ್ತಾರೆ, ಆ ಧೈರ್ಯ ನನಗಿಲ್ಲ. ಇನ್ನೊಬ್ಬರ ಭಾಷೆಯಲ್ಲಿ ಬರೆಯುವ ಮಗು ಮೊದಲು ಇನ್ನೊಬ್ಬರಾಗಿ ನಿಲ್ಲಬೇಕು, ಆ ಜಾಗವನ್ನು ಮೇಷ್ಟರಾದವರು ಮಾಡಿಕೊಡಬೇಕು ಎಂಬಷ್ಟನ್ನು ಈ ವೃತ್ತಿ ನನಗೆ ಕೊನೆಗಾಲದಲ್ಲಿ ಕಲಿಸಿತು. ಹಾಗಾಗಿ ಬೋರ್ಡಿನ ಮೇಲೆ ‘ಡಿಯರ್ ಫಾದರ್’ ಎಂದು ಬರೆದ ಮೇಲೆ ಸೀಮೆಸುಣ್ಣ ಕೆಳಗಿಟ್ಟು ಒಮ್ಮೆ ತರಗತಿಯ ಕಡೆ ತಿರುಗುತ್ತಿದ್ದೆ, ಯಾರ ಪೆನ್ನು ನಿಂತಿದೆ ಎಂದು ನೋಡಲು.