ಹಾಡಿನೊಳಗಿನ ಕಾಲುವೆ ಕಂಡ ಧನಲಕ್ಷ್ಮಿ

ಬೆಳಗಿನ ಐದೂಮುಕ್ಕಾಲು. ಕೊಡಿಗೇಹಳ್ಳಿಯ ಹಳೇ ಊರಿನ ಓಣಿಯಲ್ಲಿ, ಒಂದು ಹಂಚಿನ ಮನೆಗೂ ಐದಂತಸ್ತಿನ ಪಿ.ಜಿ. ಕಟ್ಟಡಕ್ಕೂ ನಡುವೆ ಸಿಕ್ಕಿಕೊಂಡಿರುವ ಬಾವಿಯ ಕಟ್ಟೆಗೆ ಮೊಣಕೈ ಊರಿ ಧನಲಕ್ಷ್ಮಿ ಅಳತೆಯ ಟೇಪು ಇಳಿಬಿಡುತ್ತಿದ್ದಾರೆ. ತುದಿಯ ಗುಂಡು ನೀರು ಮುಟ್ಟಿದ ಕೂಡಲೇ ಕೈಯಲ್ಲಿರುವ ಪೆಟ್ಟಿಗೆ ಕೀ ಎನ್ನುತ್ತದೆ. ಟೇಪನ್ನು ತುಸು ಮೇಲೆಳೆದು ಮತ್ತೆ ಇಳಿಸುತ್ತಾರೆ. ಮೂರು ಸಲವೂ ಒಂದೇ ಅಳತೆ ಬಂದ ಮೇಲಷ್ಟೇ ಪುಸ್ತಕದಲ್ಲಿ ಬರೆಯುತ್ತಾರೆ: ಹದಿನೇಳು ಅಡಿ ನಾಲ್ಕು ಇಂಚು.

"ಆರೂವರೆಗೆ ಮನೆಯವ್ರು ಮೋಟ್ರು ಹಾಕ್ಬಿಡ್ತಾರೆ. ಆಮೇಲೆ ಅಳೆದ್ರೆ ಅದು ಬಾವಿ ಲೆಕ್ಕ ಅಲ್ಲ, ಮೋಟ್ರು ಲೆಕ್ಕ," ಎನ್ನುತ್ತಾ ಮುಂದಿನ ಗೇಟಿನತ್ತ ನಡೆಯುತ್ತಾರೆ.

ದಿನಕ್ಕೆ ಆರು ಬಾವಿ, ವಾರಕ್ಕೆ ಮೂವತ್ತಾರು. ಮಳೆ ಬಂದ ಮರುದಿನ ಇನ್ನೊಂದು ಸುತ್ತು ಹೆಚ್ಚು. ಐವತ್ತೆರಡರ ಧನಲಕ್ಷ್ಮಿ ಕೊಡಿಗೇಹಳ್ಳಿಯವರೇ. ಎಸ್ಸೆಸ್ಸೆಲ್ಸಿಗೆ ಓದು ನಿಂತಿತು. ಆಟೋ ಓಡಿಸುತ್ತಿದ್ದ ಗಂಡ ಅಶ್ವತ್ಥ್ ಸೊಂಟಕ್ಕೆ ಪೆಟ್ಟು ಮಾಡಿಕೊಂಡು ಮನೆಯಲ್ಲಿ ಕುಳಿತ ವರ್ಷ, ಯಲಹಂಕದ ಕಡೆಯ ಒಂದು ಸಂಶೋಧನಾ ಸಂಸ್ಥೆಗೆ ಕಸ ಗುಡಿಸಲು ಸೇರಿದರು. ಈಗದಕ್ಕೆ ಹದಿನಾಲ್ಕು ವರ್ಷ. ಪರೀಕ್ಷೆಗೆ ತಂದ ನೀರಿನ ಬಾಟಲಿಗಳ ಮೇಲಿನ ಚೀಟಿ ಓದುತ್ತಾ ಓದುತ್ತಾ ದಶಮಾಂಶ ಕಲಿತರು, ಆಮೇಲೆ ಗುಡಿಸುವುದರ ಜೊತೆಗೆ ಬಾವಿ ಅಳೆಯುವ ಕೆಲಸವೂ ಬಂತು.

ಸಂಸ್ಥೆಯಲ್ಲಿ ಎರಡು ಮಹಡಿ. ಕೆಳಗೆ ಸೇತುರಾಮ ಅವರ ತಂಡ ನೀರು, ಮಣ್ಣು, ಬಂಡೆಗಳನ್ನು ಪರೀಕ್ಷಿಸುತ್ತದೆ. ಮೇಲೆ ಸಂಹಿತಾ ಅವರ ತಂಡ ಹಳೇ ಊರುಗಳ ಜನರ ನೆನಪು, ಹಾಡು, ಕತೆಗಳನ್ನು ಕೂಡಿಡುತ್ತದೆ. ಇಬ್ಬರೂ ಇದೇ ಸುತ್ತಿನ ಹಳ್ಳಿಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಒಬ್ಬರ ಕೆಲಸ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಎರಡೂ ಮಹಡಿಯ ಬೀಗದ ಕೈ ಇದ್ದದ್ದು ಧನಲಕ್ಷ್ಮಿಯ ಬಳಿ ಮಾತ್ರ.

ಎರಡು ವರ್ಷದ ಹಿಂದಿನ ಆಗಸ್ಟಿನಲ್ಲಿ ತೊಂದರೆ ಶುರುವಾಯಿತು. ಒಂದು ಜೋರು ಮಳೆಯ ನಂತರ ಉಳಿದ ಬಾವಿಗಳೆಲ್ಲ ಒಂದು ಗೇಣು ಏರಿದರೆ ಒಂದೇ ಸಾಲಿನ ಮೂರು ಬಾವಿ ಮಾತ್ರ ನಾಲ್ಕು ಅಡಿ ಏರಿದ್ದವು. ಸೇತುರಾಮ ಅವರ ನಕ್ಷೆಯ ಪ್ರಕಾರ ಅಲ್ಲಿ ಕೆಳಗಿರುವುದು ಬಂಡೆ. ನೀರು ಅಷ್ಟು ಬೇಗ ಬರುವ ದಾರಿಯೇ ಇಲ್ಲ. ಮತ್ತೆ ಅಳೆಸಿದರು. ಅದೇ ಅಂಕಿ. ಅಳತೆಯೇ ತಪ್ಪು ಎಂದು ತೀರ್ಮಾನವಾಯಿತು. ಬಾವಿಗಳಿಗೆ ಸೆನ್ಸರ್ ಹಾಕುವುದು, ಧನಲಕ್ಷ್ಮಿಯನ್ನು ಬಾಟಲಿ ತೊಳೆಯಲು ಕಳಿಸುವುದು ಎಂದು ಕಚೇರಿ ಪತ್ರವೂ ಬಂತು.

"ಬಾಟ್ಲಿ ತೊಳೆಯೋದು ಕೀಳು ಕೆಲ್ಸ ಅಂತಲ್ಲ. ಸುಳ್ಳು ಬರ್ದೆ ಅಂದ್ಬಿಟ್ರಲ್ಲ, ಅದು ತಡ್ಕೊಳಕ್ಕಾಗ್ಲಿಲ್ಲ," ಎನ್ನುತ್ತಾರೆ ಅವರು.

ಆ ವಾರವೇ ಮೇಲಿನ ಮಹಡಿ ಗುಡಿಸುವಾಗ ಸಂಹಿತಾ ಅವರ ಕಂಪ್ಯೂಟರಿನಿಂದ ಗುರುತಿನ ದನಿ ಕೇಳಿತು. ಪಕ್ಕದ ಓಣಿಯ ಮುನಿಗಂಗಮ್ಮ, ಎಂಬತ್ತನಾಲ್ಕು ವರ್ಷ, ನಾಟಿ ಹಾಕುವಾಗ ಹೆಂಗಸರು ಹೇಳುತ್ತಿದ್ದ ಹಾಡು ಹಾಡುತ್ತಿದ್ದರು. ಕೆರೆಯ ತೂಬಿನಿಂದ ಹೊರಟ ನೀರು ಯಾವ ಯಾವ ಗದ್ದೆಗೆ ಹೋಗುತ್ತದೆ ಎಂಬ ಹಾಡು ಅದು: ಹೊಂಗೆ ಬಯಲು, ತಾವರೆಗುಂಡಿ, ಕೆಸರು ಮಡಿ. ಸಂಹಿತಾಗೆ ಅವು ಹಾಡಿನ ಹೆಸರುಗಳಷ್ಟೇ. ಧನಲಕ್ಷ್ಮಿಗೆ ಆ ಜಾಗಗಳು ಗೊತ್ತು. ಮೂರು ಬಾವಿ ಇರುವುದು ಅಲ್ಲೇ, ಅದೇ ಕ್ರಮದಲ್ಲಿ.

"ಮೇಡಂ, ಇದನ್ನ ಕೆಳಗಡೆ ಸರ್‌ಗೆ ಒಂದ್ಸಲ ಕೇಳಿಸ್ತೀರಾ?" ಎಂದು ಕೇಳಿದರು.

ಸೇತುರಾಮ ಪೂರ್ತಿ ಕೇಳಿದರು. "ಹಾಡು ಕೇಳ್ಕೊಂಡು ನಕ್ಷೆ ತಿದ್ದಕ್ಕಾಗತ್ತೇನಮ್ಮ?"

"ತಿದ್ಬೇಡಿ ಸರ್. ಅಗೆದು ನೋಡಿ," ಎಂದರು ಧನಲಕ್ಷ್ಮಿ.

ಮೂರರಲ್ಲಿ ಎರಡನೇ ಬಾವಿಯ ಪಕ್ಕದ ಖಾಲಿ ಸೈಟಿನಲ್ಲಿ ಧನಲಕ್ಷ್ಮಿ ತೋರಿಸಿದ ಕಡೆ ಮಣ್ಣು ಕೊರೆಯುವ ಕೈಬೈರಿಗೆ ಇಳಿಸಿದರು. ನಾಲ್ಕು ಅಡಿಗೆ ಕಲ್ಲು. ಸೇತುರಾಮ ಸಾಮಾನು ಕಟ್ಟಿಸತೊಡಗಿದರು. ಸಂಹಿತಾ ಆಟೋ ಹಿಡಿದು ಹೋಗಿ ಮುನಿಗಂಗಮ್ಮನನ್ನು ಕರೆತಂದರು. ಅಜ್ಜಿ ಸೈಟಿನ ಅಂಚಿನಲ್ಲಿ ನಿಂತು ಸುತ್ತ ನೋಡಿದರು.

"ಇಲ್ಲಲ್ಲ ಕಣವ್ವ. ಉಣ್ಸೆಮರ ಇತ್ತಲ್ಲ, ಅದ್ರಿಂದ ಮೂಡ್ಲಾಗೆ."

ಹುಣಸೆಮರ ಕಡಿದು ಮೂವತ್ತು ವರ್ಷವಾಗಿದೆ. ಅದು ಇದ್ದ ಜಾಗದಲ್ಲಿ ಈಗ ಟ್ರಾನ್ಸ್‌ಫಾರ್ಮರ್ ಇದೆ. ಅದರ ಪೂರ್ವಕ್ಕೆ ಹನ್ನೆರಡು ಹೆಜ್ಜೆ ಅಳೆದು ಬೈರಿಗೆ ಇಳಿಸಿದಾಗ ಆರು ಅಡಿಯಲ್ಲಿ ಒದ್ದೆ ಮರಳು ಬಂತು, ಜೊತೆಗೆ ಬಸವನಹುಳುವಿನ ಚಿಪ್ಪುಗಳು. ಮುಚ್ಚಿಹೋದ ಕಾಲುವೆ ಮಣ್ಣಿನಡಿ ಇನ್ನೂ ನೀರು ಸಾಗಿಸುತ್ತಿತ್ತು. ಸೇತುರಾಮ ಚಿಪ್ಪೊಂದನ್ನು ಒರೆಸಿ ಧನಲಕ್ಷ್ಮಿಯ ಕೈಗೆ ಕೊಟ್ಟರು. "ನಿಮ್ಮ ಅಳತೆ ಸರಿ ಇತ್ತು," ಎಂದರು.

ವಿಷಯ ಅಷ್ಟಕ್ಕೇ ಮುಗಿಯಲಿಲ್ಲ. ಆ ಸೈಟಿನಲ್ಲಿ ಅಪಾರ್ಟ್‌ಮೆಂಟ್ ಏಳುವುದಿತ್ತು. ಬಚ್ಚಲ ನೀರು ಇಂಗಿಸುವ ಗುಂಡಿಗೆ ಗುರುತು ಹಾಕಿದ್ದದ್ದು ಸರಿಯಾಗಿ ಕಾಲುವೆಯ ನೆತ್ತಿಯ ಮೇಲೆ. ಅಲ್ಲಿಂದ ನೀರು ಹರಿಯುವ ಕಡೆಯ ಎರಡು ಬಾವಿಯಿಂದ ನಲವತ್ತು ಮನೆಯವರು ನೀರು ಸೇದುತ್ತಾರೆ. ಎರಡೂ ಮಹಡಿಯವರು ಒಂದೇ ವರದಿ ಬರೆದರು. ಅದರಲ್ಲಿ ನೀರಿನ ಅಂಕಿಯೂ ಇತ್ತು, ಹಾಡೂ ಇತ್ತು. ಕಟ್ಟಡದವರು ಎರಡು ತಿಂಗಳು ಸತಾಯಿಸಿ, ಕೊನೆಗೆ ಗುಂಡಿಯನ್ನು ಪಶ್ಚಿಮದ ಮೂಲೆಗೆ ಸರಿಸಿದರು. ವರದಿಯ ಮೇಲೆ ಮೂರು ಹೆಸರುಗಳಿವೆ. ಮೂರನೆಯದು ಧನಲಕ್ಷ್ಮಿಯದು.

ಬಾಟಲಿ ತೊಳೆಯುವ ಪತ್ರ ವಾಪಸಾಯಿತು. ಸೆನ್ಸರ್‌ಗಳು ಮಾತ್ರ ಬಂದೇ ಬಂದವು, ಹತ್ತು ಬಾವಿಗೆ. ಅವುಗಳ ಜೇಡರಬಲೆ ತೆಗೆಯುವುದೂ ಈಗ ಇವರದೇ ಕೆಲಸ. ಸೋಮವಾರದ ಸಭೆಗೆ ಎರಡೂ ತಂಡ ಒಟ್ಟಿಗೆ ಕೂರುತ್ತವೆ. ಒಮ್ಮೊಮ್ಮೆ ಜಗಳವೂ ಆಗುತ್ತದೆ. "ಸರ್‌ಗೆ ಎಲ್ಲಾದಕ್ಕೂ ನಂಬರ್ ಬೇಕು. ಮೇಡಂಗೆ ಯಾರು ಹೇಳಿದ್ದು, ಯಾಕೆ ಹೇಳಿದ್ದು ಅಂತ ಬೇಕು. ನಂಗೆ ಎರಡೂ ಬೇಕು, ಇಲ್ದಿದ್ರೆ ಬಾವಿ ಅರ್ಥ ಆಗಲ್ಲ."

ಮುನಿಗಂಗಮ್ಮ ಕಳೆದ ಯುಗಾದಿಗೆ ಮುಂಚೆ ತೀರಿಕೊಂಡರು. ಅವರಿಗೆ ಅಂಥ ಇನ್ನೂ ಎರಡು ಹಾಡು ಬರುತ್ತಿದ್ದವಂತೆ. ಯಾರೂ ಬರೆದುಕೊಂಡಿರಲಿಲ್ಲ.

ನಿವೃತ್ತಿಗೆ ಇನ್ನು ಎಂಟು ವರ್ಷ. ಅಷ್ಟರಲ್ಲಿ ಏನಾಗಬೇಕು ಎಂದು ಕೇಳಿದರೆ ಧನಲಕ್ಷ್ಮಿ ಟೇಪು ಸುತ್ತುತ್ತಲೇ ಹೇಳುತ್ತಾರೆ: "ಅಟ್ಟೂರ್ ಕಡೆ ವಯಸ್ಸಾದೋರು ಇನ್ನೂ ಒಂದಷ್ಟು ಜನ ಅವ್ರೆ. ಮೊದ್ಲು ಅವ್ರನ್ನ ಮಾತಾಡಿಸ್ಬೇಕು. ಬಾವಿ ಆಮೇಲಾದ್ರೂ ಅಳೀಬೋದು."