ಇಪ್ಪತ್ತಕ್ಕೆ ನಿಲ್ಲದ ಲೆಕ್ಕ

ಮೊನ್ನೆ ಮಂಗಳವಾರ ನನ್ನ ಕ್ಲಾಸಿನಲ್ಲಿ ಶುರುವಾದ ಒಂದು ಲೆಕ್ಕ ಬೆಲ್ ಹೊಡೆದರೂ ನಿಲ್ಲಲಿಲ್ಲ. ಅದು ನಾನೇ ಕಲಿಸಿದ ಲೆಕ್ಕ. ಎರಡು ವರ್ಷದಿಂದ ಕಲಿಸುತ್ತಿರುವ ಲೆಕ್ಕ. ಆ ಗಾಬರಿಯಿಂದ ನಾನಿನ್ನೂ ಪೂರ್ತಿ ಹೊರಗೆ ಬಂದಿಲ್ಲ.

ನಾನು ಕಾಲೇಜಿನಲ್ಲಿ ಗಣಿತದ ಮೇಷ್ಟ್ರೆಂಬುದು ನಿಮಗೆ ಗೊತ್ತೇ ಇದೆ. ಕಂಪ್ಯೂಟರ್ ಪ್ರೋಗ್ರಾಮಿಂಗ್ ಎಂಬ ಹೊಸ ವಿಷಯವೂ ನನ್ನ ತಲೆಗೇ ಬಿದ್ದಿದೆ. ಅಂದರೆ, ಲೆಕ್ಕ ಮಾಡುವ ಯಂತ್ರಕ್ಕೆ ಒಂದೊಂದೇ ಸಾಲಾಗಿ ಅಪ್ಪಣೆ ಬರೆಯುವ ವಿದ್ಯೆ. ಯಂತ್ರ ಎಲ್ಲಿದೆ? ಬೆಂಗಳೂರಿನಲ್ಲಿ. ನಮ್ಮ ವಿದ್ಯಾರ್ಥಿಗಳು ಯಾರೂ ಅದನ್ನು ನೋಡಿಲ್ಲ. (ನಾನೂ ನೋಡಿಲ್ಲ. ಇದನ್ನು ಈವರೆಗೆ ಯಾರಿಗೂ ಹೇಳಿರಲಿಲ್ಲ.) ನಾನು ಬೋರ್ಡಿನ ಮೇಲೆ ಬರೆಯುತ್ತೇನೆ. ಅವರು ನೋಟ್ಸಿಗೆ ಇಳಿಸುತ್ತಾರೆ. ಪರೀಕ್ಷೆಯಲ್ಲಿ ಪೇಪರಿಗೆ ಇಳಿಸುತ್ತಾರೆ. ಬರೆದದ್ದು ನಡೆಯುತ್ತದೋ ಇಲ್ಲವೋ, ಕೇಳಿದವರಿಲ್ಲ.

ಈ ಸಲ ಆ ಯಂತ್ರದ ಮುಂದೆ ಹದಿನೈದು ದಿನ ಕೂತು ಕಲಿಯಲು ನಮ್ಮ ಕಾಲೇಜಿಗೆ ಕರೆ ಬಂತು. ಒಬ್ಬರಿಗೆ ಮಾತ್ರ. ಟೆಸ್ಟ್ ಕೊಟ್ಟೆ. ಕ್ಲಾಸಿನ ಹದಿನಾಲ್ಕು ಜನರಲ್ಲಿ ಹದಿಮೂರು ಜನ ನಾನು ಹೇಳಿಕೊಟ್ಟದ್ದನ್ನೇ ಚಾಚೂ ತಪ್ಪದೆ ಬರೆದಿದ್ದರು. ಹತ್ತಕ್ಕೆ ಹತ್ತು. ಅವರಲ್ಲಿ ಕೈಬರಹ ಮುದ್ದಾಗಿದೆಯೆಂದು ನಂಜುಂಡಸ್ವಾಮಿಯನ್ನು ಆರಿಸಿದೆ. (ಮಂಡಿ ಮೊಹಲ್ಲಾದಲ್ಲಿ ಅವರ ತಂದೆಯದು ಬೆಲ್ಲದ ಅಂಗಡಿ. ಮಗನ ಮಾತೂ ಸಿಹಿ.) ಜಯಮ್ಮ ಎಂಬ ಹುಡುಗಿ ಮಾತ್ರ ಒಂದು ಸಾಲು ಬೇರೆ ಬರೆದಿದ್ದಳು. ಸೊನ್ನೆ ಕೊಟ್ಟೆ.

ಮಂಗಳವಾರ ಜಯಮ್ಮ ಪೇಪರ್ ಹಿಡಿದು ಎದ್ದು ನಿಂತಳು. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿರುವ ಹುಡುಗಿ, ಕ್ಲಾಸಿನಲ್ಲಿ ಹೆಚ್ಚು ಮಾತಾಡುವವಳಲ್ಲ.

"ಸಾರ್, ನಂದ್ರಲ್ಲಿ ಏನು ತಪ್ಪು ಅಂತ ಹೇಳ್ಬುಡಿ ಸಾರ್. ತಿದ್ಕೋತೀನಿ."

"ನಾನು ಹೇಳಿಕೊಟ್ಟ ಹಾಗಿಲ್ಲ ಕಣಮ್ಮ."

"ಅದು ಗೊತ್ತು ಸಾರ್. ತಪ್ಪೇನು?"

ಕ್ಲಾಸು ಗೊಳ್ಳೆಂದಿತು. ನನಗೆ ರೇಗಿತು. ಸರಿ, ಯಂತ್ರ ಇಲ್ಲದಿದ್ದರೆ ನಾವೇ ಯಂತ್ರವಾಗೋಣ, ನನ್ನದನ್ನು ಮೊದಲು ನಡೆಸಿ ತೋರಿಸುತ್ತೇನೆ ಎಂದೆ. ಅಟೆಂಡರು ಎಲ್ಲಿಂದಲೋ ಎರಡು ಸ್ಲೇಟು ತಂದುಕೊಟ್ಟರು. ಇಪ್ಪತ್ತರೊಳಗಿನ ಬೆಸಸಂಖ್ಯೆಗಳನ್ನೆಲ್ಲ ಕೂಡುವ ಲೆಕ್ಕ. ಇಬ್ಬರು ಹುಡುಗರನ್ನು ಮುಂದೆ ನಿಲ್ಲಿಸಿದೆ: ಒಬ್ಬನ ಸ್ಲೇಟಿನಲ್ಲಿ 'ಸಂಖ್ಯೆ', ಇನ್ನೊಬ್ಬನದರಲ್ಲಿ 'ಮೊತ್ತ'. ಹೊಸದು ಬಂದಾಗ ಹಳೆಯದನ್ನು ಒರೆಸಿಬಿಡಬೇಕು. (ಯಂತ್ರದ ನೆನಪು ಹಾಗೆಯೇ ಅಂತೆ. ನನ್ನದೂ ಹಾಗೆಯೇ ಎಂದು ಅಂದು ಸಂಜೆ ತಿಳಿಯಿತು.) ಅಪ್ಪಣೆ ಓದುವವನು ನಂಜುಂಡಸ್ವಾಮಿ.

"ಸಂಖ್ಯೆಯನ್ನು ಮೊತ್ತಕ್ಕೆ ಕೂಡು. ಸಂಖ್ಯೆಗೆ ಎರಡು ಸೇರಿಸು. ಸಂಖ್ಯೆ ಇಪ್ಪತ್ತಾಯಿತೇ? ಆದರೆ ನಿಲ್ಲು. ಇಲ್ಲದಿದ್ದರೆ ಮತ್ತೆ ಮೊದಲಿಂದ."

ಒಂದು, ಮೂರು, ಐದು ಎಂದು ಸೊಗಸಾಗಿ ಸಾಗಿತು. ಹತ್ತೊಂಬತ್ತು. ಆಮೇಲೆ?

"ಇಪ್ಪತ್ತಾಯಿತೇ?"

"ಇಲ್ಲ, ಇಪ್ಪತ್ತೊಂದು."

"ಹಾಗಾದರೆ ಮತ್ತೆ ಮೊದಲಿಂದ!"

ಇಪ್ಪತ್ತಮೂರು. ಇಪ್ಪತ್ತೈದು. ಎರಡೆರಡು ದಾಟುವ ಬೆಸಸಂಖ್ಯೆ ಎಂದಾದರೂ ಸರಿಯಾಗಿ ಇಪ್ಪತ್ತರ ಮೇಲೆ ಕಾಲಿಡುತ್ತದೆಯೇ? ಹಿಂದಿನ ಬೆಂಚಿನಿಂದ ಒಂದು ದನಿ ಬಂತು: "ಸಾರ್, ನಮ್ಮನ್ನ ಊಟಕ್ಕೆ ಬುಟ್ಬುಡಿ. ಸಾಯಂಕಾಲ ಬಂದ್ರೂ ಇದು ಇಂಗೇ ನಡೀತಿರ್ತದೆ!"

ಬೆಲ್ ಹೊಡೆದಾಗ ಮೊತ್ತದ ಸ್ಲೇಟಿನಲ್ಲಿ ಒಂಬೈನೂರು. ಬರಬೇಕಾದ ಉತ್ತರ ನೂರು.

ಜಯಮ್ಮ ಬರೆದಿದ್ದ ಬೇರೆ ಸಾಲು ಯಾವುದು ಗೊತ್ತೇ? 'ಇಪ್ಪತ್ತನ್ನು ದಾಟಿತೇ?' ಅಷ್ಟೇ.

ಪುಸ್ತಕದಲ್ಲಿದ್ದದ್ದು ಸರಿಸಂಖ್ಯೆಗಳ ಲೆಕ್ಕ. ಮೇಷ್ಟ್ರು ಪುಸ್ತಕದ್ದನ್ನೇ ಒಪ್ಪಿಸಿದರು ಎಂಬ ಮಾತು ಬರಬಾರದೆಂದು ಅದನ್ನು ಬೆಸಕ್ಕೆ ತಿರುಗಿಸಿದವನು ನಾನು. ನಿಲ್ಲುವ ಸಾಲನ್ನು ಮಾತ್ರ ಹಾಗೇ ಬಿಟ್ಟೆ.

ಒಂಟಿಕೊಪ್ಪಲಿನ ಮನೆಗೆ ಬರುವ ದಾರಿಯುದ್ದಕ್ಕೂ ಒಂದೇ ಸಮಾಧಾನ: ಆ ಹುಡುಗಿಯ ಪೇಪರನ್ನು ಎರಡು ಸಲ ಓದಿಯೇ ಸೊನ್ನೆ ಕೊಟ್ಟಿದ್ದೆ. ತಪ್ಪು ತಿಳಿದೆ, ಆದರೆ ಓದಿದ್ದೆ. ಯಾರು ಕೇಳಿದರೂ ಹಾಗೇ ಹೇಳುತ್ತಿದ್ದೆ. ಆದರೂ ಮನೆಗೆ ಬಂದು, ಪೇಪರ್ ತಿದ್ದಿದ ದಿನದ ಡೈರಿ ತೆಗೆದೆ. ನನ್ನದೇ ಅಕ್ಷರ: 'ಹದಿನಾಲ್ಕು ಪೇಪರ್. ಕಾಫಿ ಆರುವ ಮೊದಲೇ ಮುಗಿಯಿತು.'

ಎರಡು ಸಲ ಓದಿದ್ದು ಯಾವಾಗ? ಆ ನೆನಪನ್ನು ನನಗೆ ಕೊಟ್ಟವರು ಯಾರು?

ಮರುದಿನ ಬೆಳಿಗ್ಗೆ ವಿಭಾಗದ ಮುಖ್ಯಸ್ಥರ ಮುಂದೆ ನಿಂತೆ. ಬೆಂಗಳೂರಿಗೆ ಹೋಗಬೇಕಾದ ಪತ್ರ ಇನ್ನೂ ಅವರ ಮೇಜಿನ ಮೇಲೇ ಇತ್ತು.

"ಹೆಸರು ಬದಲಾಯಿಸೋಕೆ ಕಾರಣ ಬರೆದುಕೊಡಬೇಕು ಕಣ್ರೀ. ಹದಿಮೂರು ಜನ ತಪ್ಪು, ಒಬ್ಬಳು ಸರಿ ಅಂತ ಬರೀತೀರೇನ್ರೀ?"

"ಹದಿನಾಲ್ಕು ಸಾರ್. ಅವರು ಹದಿಮೂರು, ನಾನೊಬ್ಬ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ಸುಮ್ನಿದ್ದುಬಿಡಿ. ಮುಂದಿನ ವರ್ಷ ಆ ಹುಡುಗೀನ ಕಳಿಸಿದ್ರಾಯ್ತು."

ಒಂದು ಕ್ಷಣ ನನಗೂ ಅದು ಹಿತವಾಗಿಯೇ ಕೇಳಿಸಿತು, ಸುಳ್ಳೇಕೆ? ಆದರೆ ಮುಂದಿನ ವರ್ಷ ಆ ಹುಡುಗಿ ಕಾಲೇಜಿನಲ್ಲಿ ಇರುವುದಿಲ್ಲ. ಇದು ಕೊನೆಯ ವರ್ಷ. ಕಾಗದ ಕೇಳಿ ಪಡೆದು, 'ನಾನು ಕಲಿಸಿದ ಪ್ರೋಗ್ರಾಂ ತಪ್ಪು' ಎಂದು ಬರೆದು ಸಹಿ ಹಾಕಿದೆ. ಸೋಮವಾರ ಜಯಮ್ಮ ಬೆಂಗಳೂರಿನ ರೈಲು ಹತ್ತುತ್ತಾಳೆ.

ಉಳಿದದ್ದು ನಂಜುಂಡಸ್ವಾಮಿ. ವರಾಂಡದಲ್ಲಿ ಸಿಕ್ಕ. "ನಿನಗೆ ಸಿಕ್ಕಿದ್ದು ನನ್ನಿಂದಾಗಿ ತಪ್ಪಿಹೋಯಿತಪ್ಪ, ಬೇಜಾರು ಮಾಡಿಕೋಬೇಡ" ಎಂದೆ.

"ಬುಡಿ ಸಾರ್. ಅವಳ್ದೇ ಸರಿ ಇತ್ತಲ್ಲ. ನಮ್ದು ನಿಲ್ಲಲ್ಲ ಅಂತ ಗೊತ್ತಿತ್ತು."

"ಮಂಗಳವಾರ ಗೊತ್ತಾಯಿತಲ್ಲ, ಹೌದು."

"ಮಂಗಳವಾರ ಅಲ್ಲ ಸಾರ್, ಹೋದ ತಿಂಗ್ಳೇ. ಜಯಮ್ಮನೇ ತೋರಿಸಿದ್ಳು. ಕ್ಲಾಸಲ್ಲಿ ಎಲ್ರಿಗೂ ಗೊತ್ತು."

"ಮತ್ತೆ ಟೆಸ್ಟಿನಲ್ಲಿ ಅದನ್ನೇ ಬರೆದಿರಲ್ಲೋ?"

ಅವನು ನನ್ನನ್ನು ಕನಿಕರದಿಂದ ನೋಡಿದ. "ನೀವು ಕೊಟ್ಟಿದ್ದು ಬರೆದ್ರೆ ಹತ್ತು, ಸರಿಯಾಗಿರೋದು ಬರೆದ್ರೆ ಸೊನ್ನೆ. ಹಂಗೇ ಆಯ್ತಲ್ಲ ಸಾರ್?"

ಪ್ರೋಗ್ರಾಮಿಂಗ್ ಕಲಿಯುವುದು ಯಾಕಿಷ್ಟು ಕಷ್ಟ ಎಂದು ಕೇಳಿದವರಿಗೆಲ್ಲ ಇಷ್ಟು ದಿನ 'ಯಂತ್ರ ಇಲ್ಲ ಸ್ವಾಮಿ' ಎನ್ನುತ್ತಿದ್ದೆ. ಇನ್ನು ಮೇಲೆ ಏನೆನ್ನಲಿ?