ಕಿವಿಯಿಟ್ಟು ಕೇಳಿದ ವಾಲ್ವ್

"ಉಮ್ಮಚಗಿಗೆ ಯಾವ ಕಡೆ?" ಎಂದು ದಾರಿ ತಪ್ಪಿ ಸುತ್ತಿ ಬಂದು ಮೂರನೇ ಸಲ ಕೇಳಿದಾಗಲೂ ಎದುರಿಗಿದ್ದವರು ಅದೇ ಯಜಮಾನರು. ಬಾವಿಕಟ್ಟೆಯ ಮೇಲೆ ಪಂಪಿನ ಫುಟ್‌ವಾಲ್ವ್ ಬಿಚ್ಚಿಕೊಂಡು ಕೂತಿದ್ದರು.

"ದಾರಿ ಇರಲಿ, ಅದೆಂತ ಟಿಕ್‌ಟಿಕ್?"

"ನನ್ನ ಎದೆ. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಉಬ್ಬಿತ್ತು, ವಾಲ್ವ್ ಸೋರುತ್ತಿತ್ತು. ಎರಡನ್ನೂ ತೆಗೆದು, ಬುಡದಲ್ಲಿ ವಾಲ್ವ್ ಇರುವ ಬಟ್ಟೆಯ ಕೊಳವೆ ಹೊಲಿದಿದ್ದಾರೆ. ಸದ್ದು ಆ ಹೊಸ ವಾಲ್ವಿನದು."

ಅವರ ಹೆಂಡತಿ ಕೊಡ ಇಳಿಸಿ ಹತ್ತಿರ ಬಂದರು. "ಇವರಿಗೂ ಅದನ್ನೇ ಮಾಡಬೇಕಂತೆ. ಎರಡು ಸಲ ಇವರೇ ತಾರೀಕು ಮುಂದೆ ಹಾಕಿದರು. ಈಗ ಬುಧವಾರ ಬನ್ನಿ ಅಂದಿದ್ದಾರೆ ಆಸ್ಪತ್ರೆಯವರು."

"ಹಳೇ ವಾಲ್ವ್ ಉಳಿಸಿ ಪೈಪ್ ಮಾತ್ರ ಹಾಕಲಿಕ್ಕೆ ಬರ್ತಿಲ್ಯ?" ಎಂದರು ಯಜಮಾನರು.

"ವಾಲ್ವ್ ಚೆನ್ನಾಗಿದ್ದರೆ ಬರುತ್ತದೆ. ನನ್ನದು ನಿಮ್ಮ ಕೈಯಲ್ಲಿರುವುದರ ಹಾಗೇ ಸವೆದಿತ್ತು."

ಅವರು ಕೈಯಲ್ಲಿದ್ದುದನ್ನು ತಿರುಗಿಸಿ ನೋಡಿದರು. "ಓಡುವಾಗ ಕಿವಿಯಿಟ್ಟು ಕೇಳದೆ ಆನು ಯಾವ ಪಂಪನ್ನೂ ತಗಂಡವ ಅಲ್ಲ." ಹೆಂಡತಿಯ ಕಡೆ ತಿರುಗಿದರು. "ನೀ ಕೇಳೇ."

ಆಕೆ ನನ್ನ ಎದೆಗೆ ಕಿವಿಯಿಟ್ಟರು. ಹತ್ತಾರು ದೇಶಗಳ ವಿಮಾನ ನಿಲ್ದಾಣಗಳಲ್ಲಿ ಕೈ ಎತ್ತಿ ನಿಂತವಳು ನಾನು. ಇಷ್ಟು ಶ್ರದ್ಧೆಯ ತಪಾಸಣೆ ಎಲ್ಲೂ ಆಗಿರಲಿಲ್ಲ.

"ಚೊಲೋ ಓಡ್ತಾ ಇದ್ದು. ಬುಧವಾರ ಹೊರಡಿ."

ಯಜಮಾನರು ಸ್ಪ್ಯಾನರ್ ಕೆಳಗಿಟ್ಟರು. "ಆತು."

ಮೂರು ಸಲ ದಾರಿ ಕೇಳಿದ ಋಣ ಅಲ್ಲಿಗೆ ತೀರಿತು. ಮುಂದಿನ ತಿರುವಿನಲ್ಲಿ ಮತ್ತೆ ದಾರಿ ತಪ್ಪಿದರೂ ನಾನು ಹಿಂದಿರುಗಲಿಲ್ಲ. ಇನ್ನು ಹೊಲಿಗೆ ತೋರಿಸಿ ಅಂದಾರು.